ಹೊಸಕಿವಿಯವಳು

ಪಟ್ಟಣದ ಪುತಳಾಬಾಯಿಯ ಟೆಂಪೋ ನಮ್ಮ ಊರಿಗೆ ಬಂದದ್ದು ಜೋಳದ ರಾಶಿ ಮುಗಿದ ಮರುವಾರ. ಅದರಿಂದ ಇಳಿದ ಮನುಷ್ಯ ಬೇವಿನ ಕಟ್ಟೆಯ ಮೇಲೆ ಕುಳಿತು, ಜೇಬಿನಿಂದ ಬಾಯಿಬಾಜಾ ತೆಗೆದು, ಬಹಳ ಕೆಟ್ಟದಾಗಿ ಊದಿದ. ಕೆಟ್ಟದಾಗಿ ಎಂದು ಈಗ ಹೇಳುತ್ತಿದ್ದೇನೆ. ಅಂದು ನನಗೆ ಅದರಂಥ ಸೊಗಸು ಇನ್ನೊಂದಿಲ್ಲ ಅನಿಸಿ, ನೀರಿನ ಕೊಡ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಮೂವತ್ತು ವರ್ಷ ಎರಡು ಹೊತ್ತು ಜೋಳದ ರೊಟ್ಟಿ ಬಡಿದ ಕೈ. ಬೇವಿನ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಹೋದವು. ಆ ಮನುಷ್ಯ ಬಾಜಾ ಒರೆಸಿ ಜೇಬಿಗೆ ಹಾಕಿಕೊಂಡು, "ನಿಮ್ಮ ಹೆಸರೇನ್ರಿ ಅವ್ವಾರ?" ಎಂದ.

"ತುಂಗವ್ವ."

"ಪಟ್ಟಣಕ್ಕ ಬರತೀರೇನು? ಕೆಲಸ ಅಂತ ಏನಿಲ್ಲ. ಕುಂದರೂದು, ಕೇಳೂದು, ಮನಸಿಗೆ ಬಂದ್ರ ಕೈ ತಟ್ಟೂದು. ದಿನದ ಕೂಲಿ ಕೊಡತೇವಿ."

ನನ್ನ ಗಂಡ ಫಕೀರಪ್ಪ ಈ ಮಾತನ್ನು ಎರಡು ಸಲ ಹೇಳಿಸಿ ಕೇಳಿದ. "ಕೈ ತಟ್ಟಾಕ ಕೂಲಿ ಕೊಡತಾರಂದ್ರ ಆ ಊರಿಗೆ ಏನೋ ಜಡ್ಡು ಬಂದೇತಿ. ಹೋಗಿ ನೋಡ್ಕೊಂಡು ಬಾ, ಎಮ್ಮಿ ನಾ ನೋಡ್ಕೋತೇನಿ" ಎಂದ. ಮೂರು ತಿಂಗಳಿಗೆಂದು ಹೋದವಳು, ಬಿತ್ತಿಗೆಗೂ ಸುಗ್ಗಿಗೂ ಊರಿಗೆ ಬಂದುಹೋಗುತ್ತ, ಅಲ್ಲಿ ಮೂರು ವರ್ಷ ಕಳೆದುಬಿಟ್ಟೆ.

ಆ ಪಟ್ಟಣದಲ್ಲಿ ಮನಸ್ಸಿಗೆ ಸೇರದ್ದಕ್ಕೆ ತಟ್ಟಿದ ಕೈ ಸಪ್ಪಳ ಮಾಡುವುದಿಲ್ಲ. ಹತ್ತಿಯ ಮೇಲೆ ಹತ್ತಿ ಬಿದ್ದಂತೆ ಅಂಗೈಗೆ ಅಂಗೈ ಮುಟ್ಟಿ ಸುಮ್ಮನಾಗುತ್ತದೆ. ಅಲ್ಲಿನ ಜನ ಇದಕ್ಕೆ ಎಂದೋ ಒಗ್ಗಿಹೋಗಿದ್ದರು. ಭಾಷಣದ ಮುಖಂಡರು ರೈಲಿನಲ್ಲಿ ಆ ಊರನ್ನು ದಾಟಿ ಮುಂದಿನ ಸ್ಟೇಷನ್ನಿಗೆ ಇಳಿಯುತ್ತಿದ್ದರು. ಸಾಲೆಯಲ್ಲಿ ಮಕ್ಕಳ ಹಾಡು ಕುಣಿತ ಇದ್ದ ದಿನ ತಂದೆತಾಯಿಗಳು ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಹೋಗಿ, ಮುಗಿಯುವವರೆಗೂ ಇಳಿಸುತ್ತಿರಲಿಲ್ಲ. ಕುಡಿದವರ ಚಪ್ಪಾಳೆ ಎಲ್ಲಕ್ಕೂ ಸಪ್ಪಳ ಮಾಡುತ್ತಿತ್ತು, ಖರೆ. ಆದರೆ ಅವರಿಗೆ ಒಂದು ಅಂಗೈಗೆ ಇನ್ನೊಂದು ಅಂಗೈ ಸಿಗುತ್ತಿರಲಿಲ್ಲ. ಕೂಸುಗಳಿಗೆ ಎಲ್ಲವೂ ಸೇರುತ್ತದೆ, ಆದರೆ ಅವು ದೀಪ ಹಚ್ಚುವ ಹೊತ್ತಿಗೆ ಮಲಗಿಬಿಡುತ್ತವೆ.

ಇದರ ಬಿಸಿ ಹೆಚ್ಚು ತಟ್ಟಿದ್ದು ಗಡಿಯಾರ ಚೌಕದವರಿಗೆ. ಪಟ್ಟಣದ ನಟ್ಟನಡುವಿನ ಆ ನಾಲ್ಕು ಓಣಿಗಳಲ್ಲಿ ಹಾಡುವವರು, ಬಾರಿಸುವವರು, ಕುಣಿಯುವವರು, ಚಿತ್ರ ಬರೆಯುವವರು ಒಬ್ಬರ ಗೋಡೆಗೆ ಇನ್ನೊಬ್ಬರು ಬೆನ್ನು ಹಚ್ಚಿಕೊಂಡು ಬಾಳುತ್ತಿದ್ದರು. ಹೊತ್ತು ಮುಳುಗಿದರೆ ಬಣ್ಣದ ಟ್ಯೂಬುಗಳು ಉರಿಯುತ್ತಿದ್ದವು. ಅತ್ತರು ಹಚ್ಚಿಕೊಂಡವರು, ಮಿರ್ಚಿ ತಿನ್ನುವವರು, ಟ್ಯಾಕ್ಸಿಯಿಂದ ಇಳಿಯುವವರು, ಇಳಿದವರನ್ನು ನೋಡಲೆಂದೇ ಬಂದವರು, ಎಲ್ಲ ಸೇರಿ ಓಣಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಳಗಡೆ ಮಾತ್ರ ಒಂದೊಂದು ಹಾಡು ಮುಗಿದಾಗಲೂ ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಕೆಲವು ಕಡೆ ಸಪ್ಪಳ, ಬಹಳ ಕಡೆ ಬರೀ ಕೈಗಳ ಅಲ್ಲಾಟ.

ಹಾಡು ಬಾಜಾ ನಡೆಯುವ ಪುತಳಾಬಾಯಿಯ ಬೈಠಕ್ಕು ಈ ಓಣಿಗಳಲ್ಲೇ ಹಳೆಯದು. ಅವಳು ಬಾಗಿಲ ಬಳಿ ದೊಡ್ಡ ಕುರ್ಚಿಯ ತುಂಬ ಕುಳಿತು ಎಲೆ ಮಡಿಚುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಕರೀ ಹಲಗೆ, ಅದರಲ್ಲಿ ಸುಣ್ಣದಿಂದ ಬರೆದ ಕಲಾವಿದರ ಹೆಸರುಗಳು. ಮೂರು ಸಂಜೆ ಸತತ ಒಂದೂ ಚಪ್ಪಾಳೆ ಕೇಳಿಸದೇ ಹೋದರೆ ಆ ಕಲಾವಿದ ತಾನೇ ಹಸಿ ಬಟ್ಟೆ ತಂದು ತನ್ನ ಹೆಸರು ಒರೆಸಿಕೊಂಡು ಇಳಿಯಬೇಕು. ಒಂದೇ ಒಂದು ಕೈ ಸಪ್ಪಳ ಮಾಡಿದರೂ ಸಾಕು, ಹೆಸರು ಉಳಿಯಿತು. ಅದಕ್ಕೇ ನಮ್ಮಂಥ ಹಳ್ಳಿಯವರನ್ನು ಹುಡುಕಿ ತರುತ್ತಿದ್ದದ್ದು. ನಮಗೆ ಹೊಸಕಿವಿಯವರು ಎಂದು ಹೆಸರು. ಮೂರನೆಯ ಸಾಲಿನಲ್ಲಿ ನಮ್ಮ ಜಾಗ. ಮೊದಲನೆಯ ಸಾಲಿನಲ್ಲಿ ಕೂರಿಸಿದರೆ ಬಾರಿಸುವವರು ನಮ್ಮ ಮುಖವನ್ನೇ ನೋಡಿ ತಪ್ಪುತ್ತಾರಂತೆ.

ನಾನು ಉಳಿದದ್ದು ಕಾಶವ್ವನ ಮನೆಯಲ್ಲಿ. ಅವಳು ನಮ್ಮೂರವಳೇ, ಸಂಬಂಧದಲ್ಲಿ ನನಗೆ ಅಕ್ಕ ಆಗಬೇಕು. ಅವಳ ಗಂಡ ಭರಮೋಜಿ ಮಾಮಾ ಇಪ್ಪತ್ತಾರು ವರ್ಷದಿಂದ ಅದೇ ಬೈಠಕ್ಕಿನಲ್ಲಿ ಕ್ಲಾರ್ನೆಟ್ ಬಾರಿಸುತ್ತಿದ್ದ. ನಾನು ಹೋದ ದಿನ, "ತಂಗೀ, ಅಡಿಗಿಮನಿ ನಿಂದು, ಅಟ್ಟ ನಿಂದು. ಮಜ್ಜಿಗಿ ಮಾತ್ರ ಹುಳಿ ಮಾಡಬ್ಯಾಡ, ಊದೂ ಮುಂದ ಹಲ್ಲು ಜುಮ್ ಅಂತಾವು" ಎಂದಿದ್ದ. ಆಮೇಲೆ ಮೂರು ವರ್ಷದಲ್ಲಿ ಒಂದು ಬಿರುಸು ಮಾತು ಆಡಿದವನಲ್ಲ. ಕಾಶಕ್ಕ ಬೈಠಕ್ಕಿಗೆ ಕಾಲಿಡುತ್ತಿರಲಿಲ್ಲ. ಯಾಕೆಂದು ಕೇಳಿದೆ. "ಲಗ್ನಾದ ಹೊಸದಾಗ ಹೋಗಿದ್ದೆ. ಕೈ ತಟ್ಟಿದೆ. ನನ್ನ ಕೈ ನನಗ ಕೇಳಲಿಲ್ಲ, ಅವಂಗೂ ಕೇಳಲಿಲ್ಲ. ಎಂಟು ದಿನ ಉಂಡಿಲ್ಲವಾ ಆ ಮನಶಾ. ಅವತ್ತಿಂದ ನಾ ಹೋಗಿಲ್ಲ, ಮನಿ ನೆಟ್ಟಗೈತಿ."

ಭರಮೋಜಿ ಮಾಮಾ ಕ್ಲಾರ್ನೆಟ್ ಹಿಡಿದರೆ ಒಂದೂಕಾಲು ತಾಸು ಕೆಳಗಿಳಿಸುತ್ತಿರಲಿಲ್ಲ. ಮೊದಲ ವರ್ಷ ಅದೆಲ್ಲ ನನಗೆ ಹಬ್ಬದ ಊಟ. ಕಣ್ಣೀರು ಒರೆಸಿಕೊಂಡು ಕೈ ತಟ್ಟುತ್ತಿದ್ದೆ. ಮುಂದಿನ ಸಾಲಿನಲ್ಲಿ ಕುಳಿತ ಬಲಿತ ಕಿವಿಯ ದೊಡ್ಡವರು ಬೆಚ್ಚಿ, ಹಿಂದಿರುಗಿ ನೋಡುತ್ತಿದ್ದರು. ಎಷ್ಟೋ ಜನರ ಹೆಸರು ಆ ಹಲಗೆಯ ಮೇಲೆ ಉಳಿದದ್ದು ನನ್ನ ಕೈಯಿಂದ ಎಂದು ಪುತಳಾಬಾಯಿ ನನಗೆ ದಿನವೂ ಒಂದು ಎಲೆ ಕೊಡುತ್ತಿದ್ದಳು.

ಆದರೆ ವಾರಕ್ಕೆ ಆರು ಸಂಜೆ ಕುಳಿತು ಕೇಳಿದರೆ ಕಿವಿ ಹೊಸದಾಗಿ ಎಷ್ಟು ದಿನ ಇದ್ದೀತು? ರೊಟ್ಟಿ ಬಡಿಯುವವಳಿಗೆ ಹಿಟ್ಟು ಮುಟ್ಟಿದ ಕೂಡಲೇ ನೀರು ಸಾಕಷ್ಟು ಕಾದಿರಲಿಲ್ಲ ಎಂದು ತಿಳಿಯುವುದಿಲ್ಲವೇ, ಹಾಗೆ ನನಗೂ ಒಂದೊಂದೇ ತಿಳಿಯತೊಡಗಿತು. ಈಕೆ ದನಿ ಎತ್ತಿದ್ದು ಸ್ವರ ಸಿಕ್ಕಿದ್ದಕ್ಕಲ್ಲ, ಸಿಗದ್ದಕ್ಕೆ. ಈತ ಕಣ್ಣು ಮುಚ್ಚಿದ್ದು ತನ್ಮಯನಾಗಿ ಅಲ್ಲ, ಮುಂದಿನದು ಮರೆತು. ನನಗೇನು ಇದು ತಿಳಿಯಬೇಕೆಂದಿರಲಿಲ್ಲ. ಒಂದು ಸಂಜೆ ಕೈ ತಟ್ಟಿದರೆ ಅರ್ಧ ಸಪ್ಪಳವೇ ಬಂತು. ಥಂಡಿ ಇರಬೇಕೆಂದು ಅಂಗೈ ಉಜ್ಜಿಕೊಂಡೆ.

ಮೂರನೆಯ ವರ್ಷದ ಮುಂಗಾರಿಗೆ ಉಳಿದ ಹೊಸಕಿವಿಯವರೆಲ್ಲ ಬಿತ್ತಲಿಕ್ಕೆ ಊರಿಗೆ ಹೋದರು. ನಮ್ಮ ಹೊಲಕ್ಕೆ ಇನ್ನೂ ಹಸಿ ಆಗಿಲ್ಲ, ಎಂಟು ದಿನ ತಡೆದು ಬಾ ಎಂದು ಫಕೀರಪ್ಪ ಹೇಳಿಕಳಿಸಿದ್ದ. ಹೀಗಾಗಿ ಮೂರನೆಯ ಸಾಲಿನಲ್ಲಿ ನಾನೊಬ್ಬಳೇ. ಸೋಮವಾರ ಸಂಜೆ ಭರಮೋಜಿ ಮಾಮಾ ಬಾರಿಸಿದ. ಬಾರಿಸಿದ, ಬಾರಿಸಿದ, ಬಾರಿಸುತ್ತಲೇ ಇದ್ದ. ಮುಗಿಸಿ ಕ್ಲಾರ್ನೆಟ್ ಕೆಳಗಿಳಿಸಿ ಮೂರನೆಯ ಸಾಲಿನತ್ತ ನೋಡಿದ. ನಾನು ಎರಡೂ ಕೈ ಎತ್ತಿ, ಇದ್ದ ಬಲವೆಲ್ಲ ಹಾಕಿ ತಟ್ಟಿದೆ.

ಏನೂ ಇಲ್ಲ.

ಇನ್ನೊಮ್ಮೆ ತಟ್ಟಿದೆ. ಬಾಗಿಲಲ್ಲಿ ಪುತಳಾಬಾಯಿ ಅಡಿಕೆ ಕತ್ತರಿಸಿದ ಸಪ್ಪಳ ನನ್ನವರೆಗೆ ಕೇಳಿಸಿತು. ಮಾಮಾ ತಲೆ ಬಾಗಿಸಿ ನಮಸ್ಕಾರ ಮಾಡಿ ಇಳಿದುಹೋದ. ಮನೆಗೆ ಹೋಗುವಾಗ, "ಇವತ್ತು ಜನಾ ಕಡಿಮಿ ಇದ್ರು" ಎಂದಷ್ಟೇ ಅಂದ. ಜನ ತುಂಬಿ ಚೆಲ್ಲಿದ್ದರು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳು ಕಾಶಕ್ಕನಿಗೆ ಎಲ್ಲ ಹೇಳಿದೆ. ಅವಳು ಹಾಲು ಕಾಸುವುದು ಬಿಟ್ಟು ಕುಳಿತಳು. "ಹೆಸರು ಅಳಸ್ಕೊಂಡ್ರ ಈ ಮನಶಾ ಸತ್ತಹೋಗತಾನವಾ. ಮನ್ಯಾಗ ಕುಂದರಸಾಕಂತೂ ಆಗೂದಿಲ್ಲ. ಹಗಲೆಲ್ಲಾ ಬಾರಿಸಿದ್ರ ನಾ ಎಲ್ಲಿ ಹೋಗ್ಲಿ?" ಎಂದು ಸೆರಗು ಕಣ್ಣಿಗೆ ಹಚ್ಚಿಕೊಂಡಳು. ಎರಡೂ ಮಾತು ಖರೆಯೇ ಇದ್ದವು.

ಅಟ್ಟದ ಪಕ್ಕದ ಕೋಣೆಯಲ್ಲಿದ್ದ ಇಸ್ಮಾಲಸಾಬರನ್ನು ಕೇಳಿದೆವು. ಅವರು ಚಿತ್ರ ಬರೆಯುವವರು. ಆ ಊರಲ್ಲಿ ಚಿತ್ರದ ಮುಂದೆ ನಿಂತೂ ಕೈ ತಟ್ಟುವ ರೂಢಿ. ನಲವತ್ತು ವರ್ಷದಲ್ಲಿ ಇಸ್ಮಾಲಸಾಬರ ಒಂದೇ ಒಂದು ಚಿತ್ರದ ಮುಂದೆ ಸಪ್ಪಳ ಕೇಳಿಸಿತ್ತು. ತಟ್ಟಿದವನು ಅದರ ಕಟ್ಟು ಮಾಡಿಕೊಟ್ಟ ಬಡಿಗ. ಅವನು ತನ್ನ ಕಟ್ಟಿಗೆ ತಟ್ಟಿಕೊಂಡ ಎಂದು ಊರೆಲ್ಲ ನಕ್ಕರೂ, ಅವರು ಆ ಚಿತ್ರವನ್ನು ಹಾಸಿಗೆಯ ಮೇಲೆ ತೂಗುಹಾಕಿಕೊಂಡಿದ್ದರು.

"ತುಂಗಕ್ಕಾ, ಬಲಿತ ಕಿವಿ ತಿರುಗಿ ಎಳೇದಾಗೂದಿಲ್ಲ. ಕಾಯಿ ಮತ್ತ ಹೂವಾದದ್ದು ನೋಡೀರೇನು?" ಎಂದರು ಅವರು. "ಒಂದು ಮಾಡ್ರಿ. ಕಿವ್ಯಾಗ ಹತ್ತಿ ಅರಳಿ ಇಟ್ಟುಕೊಳ್ರಿ. ಕೇಳದಿದ್ರ ತಪ್ಪು ಗೊತ್ತಾಗೂದಿಲ್ಲ, ತಪ್ಪು ಗೊತ್ತಾಗದಿದ್ರ ಮನಸಿಗೆ ಸೇರತೈತಿ."

ಮಾತು ನನಗೂ ಸರಿ ಕಂಡಿತು. ಮಂಗಳವಾರ ಎರಡೂ ಕಿವಿಗೆ ಹತ್ತಿ ತುಂಬಿಕೊಂಡು, ಮೇಲೆ ಸೆರಗು ಹೊದ್ದುಕೊಂಡು ಕುಳಿತೆ. ಮಾಮಾನ ಕೆನ್ನೆ ಉಬ್ಬುವುದು, ಇಳಿಯುವುದು, ಬೆರಳು ಓಡುವುದು ಕಾಣುತ್ತಿತ್ತು. ನೋಡಿದರೆ ಭಲೇ ಛಂದ. ಇದೇ ಸಮಯವೆಂದು ಕೈ ತಟ್ಟಿಬಿಟ್ಟೆ. ನನಗಂತೂ ಏನೂ ಕೇಳಿಸಲಿಲ್ಲ, ಕಿವಿಯಲ್ಲಿ ಹತ್ತಿ ಇತ್ತಲ್ಲ. ಪಕ್ಕದವರ ಮುಖ ನೋಡಿದೆ. ಅವರು ನನ್ನ ಕೈಗಳ ಅಲ್ಲಾಟವನ್ನು ಗದರಿಸುವ ಹಾಗೆ ನೋಡುತ್ತಿದ್ದರು. ಹತ್ತಿ ಕಿತ್ತರೆ, ಮಾಮಾ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಮುಗಿದ ಮೇಲೆ ಮತ್ತೆ ತಟ್ಟಿದೆ. ಆಗಲೂ ಈಗಲೂ ಅದೇ ಹತ್ತಿಯ ಮೇಲೆ ಹತ್ತಿ.

ಹೋಗುವಾಗ ಪುತಳಾಬಾಯಿ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು, ಎತ್ತಿನ ಗೊರಸು ನೋಡುವ ಹಾಗೆ. "ಕಿವಿ ಬಲತೈತಿ ನಿಂದು" ಎಂದಳು. "ಬೈಯಾಕ ಬರೂದಿಲ್ಲ, ಎಲ್ಲಾರಿಗೂ ಆಗೂದ. ಆದ್ರ ನಾಳೆ ಭರಮೋಜಿಗೆ ಮೂರನೇದ್ದು. ಹಸಿ ಅರಿವಿ ನಾ ಹೆಂಗ ಅವನ ಕೈಯಾಗ ಕೊಡ್ಲಿ? ನನ್ನ ಲಗ್ನದಾಗ ಬಾರಿಸಿದವ ಅವ." ಅವಳ ಲಗ್ನದಲ್ಲಿ ಊಟ ತಣ್ಣಗಾಗುವವರೆಗೆ ಬಾರಿಸಿದ್ದ ಎನ್ನುವುದನ್ನೂ ಹೇಳಿದಳು.

ಬುಧವಾರ ಬೆಳಿಗ್ಗೆ ಮಾಮಾ ತಾನಾಗಿ ಅಡಿಗೆಮನೆಗೆ ಬಂದು, ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತ. ಕ್ಲಾರ್ನೆಟ್ಟಿನ ಬಾಯಿಗೆ ಕಟ್ಟುವ ಬಿದಿರಿನಂಥ ಸೀಳು, ಅದಕ್ಕೆ ಅವನು ರೀಡು ಅನ್ನುತ್ತಿದ್ದ, ಅದನ್ನು ಬಟ್ಟಲಿನ ನೀರಲ್ಲಿ ನೆನೆಹಾಕಿದ. ನಾನು ರೊಟ್ಟಿ ತಿರುವಿಹಾಕಿದೆ.

"ತಂಗೀ, ಖರೇ ಹೇಳು. ಮೊದಲ ಸೇರತಿತ್ತು, ಈಗ್ಯಾಕ ಸೇರವಲ್ದು?"

"ನನಗೇನು ತಿಳೀತೈತಿ ಮಾಮಾ, ನಾ ಹಳ್ಳ್ಯಾಕಿ."

"ತಿಳಿಲಾರದಾಕಿ ಆಗಿದ್ರ ಕೈ ಸಪ್ಪಳ ಮಾಡತಿತ್ತಲ್ಲ" ಎಂದ.

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಬಾಯಿಗೆ ಆ ಊರಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಕೈಗಷ್ಟೇ. ಆದರೆ ಅವನು ನೋಡುತ್ತಿದ್ದ ರೀತಿಗೆ ಹೇಳಬೇಕಾದ್ದನ್ನೇ ಹೇಳಿಬಿಟ್ಟೆ. "ಮಾಮಾ, ನೀವು ಶುರು ಮಾಡೂದು ಛಲೋ ಐತಿ. ಆದ್ರ ಹೇಳೂದೆಲ್ಲಾ ಹೇಳಿ ಮುಗದಿರತೈತಿ, ಆಮ್ಯಾಲೂ ನಿಂತಿರತೀರಿ. ಬೀಗರು ಬಾಗಲದಾಗ ನಿಂತು 'ಬರತೇವಿ, ಬರತೇವಿ' ಅಂದು, ಚಪ್ಪಲಿ ಮೆಟ್ಟಿ, ಮತ್ತೊಂದು ಸುದ್ದಿ ತಗದು, ಮತ್ತ ಚಪ್ಪಲಿ ಬಿಟ್ಟು... ನಮಗ ಕುಂದ್ರಾಕೂ ಆಗೂದಿಲ್ಲ, ನಿಲ್ಲಾಕೂ ಆಗೂದಿಲ್ಲ."

ಅವನು ಬಟ್ಟಲಿನಿಂದ ರೀಡು ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನಿಲ್ಸಾಕ ಅಂಜಿಕಿ ಬರತೈತಿ" ಎಂದ ಮೆಲ್ಲಗೆ. "ಊದೂ ತನಕಾ ಕೇಳಾಕತ್ತಾರ ಅಂತ ತಿಳ್ಕೋಬಹುದು. ನಿಲ್ಸಿದ ಮ್ಯಾಲ ಗೊತ್ತಾಗಿಬಿಡತೈತಿ." ಮಣೆ ಗೋಡೆಗೆ ಒರಗಿಸಿಟ್ಟು, ರೊಟ್ಟಿಯನ್ನೂ ತಿನ್ನದೆ ಹೊರಗೆ ಹೋದ. ಕಾಶಕ್ಕ ನನ್ನ ಮೇಲೆ ಹರಿಹಾಯ್ದಳು. "ಇಪ್ಪತ್ತಾರು ವರ್ಷ ನಾ ನುಂಗಿಕೊಂಡ ಮಾತು ನೀ ರೊಟ್ಟಿ ಕೊಡೂದಕ್ಕಿಂತ ಮೊದಲ ಕೊಟ್ಟಿ ಅಲ್ಲಾ! ಉಂಡ ಮ್ಯಾಲರೆ ಹೇಳಬಾರದಾ?"

ಸಂಜೆ ಬೈಠಕ್ಕು ತುಂಬಿತ್ತು. ಮೂರನೆಯ ಸಂಜೆ ಎಂದರೆ ಚೌಕದ ಜನಕ್ಕೆ ಅದೂ ಒಂದು ನೋಟ, ಹಲಗೆ ಒರೆಸುವುದನ್ನು ನೋಡಲಿಕ್ಕೆ ಬೇರೆ ಓಣಿಯವರೂ ಬಂದಿದ್ದರು. ಇಸ್ಮಾಲಸಾಬರು ಗೋಡೆಗೆ ಆತುಕೊಂಡು ನಿಂತಿದ್ದರು. ಪುತಳಾಬಾಯಿಯ ಕುರ್ಚಿಯ ಪಕ್ಕ ಒಂದು ಬಕೀಟು, ಅದರ ಅಂಚಿಗೆ ಬಟ್ಟೆ. ಅವಳು ಅದರ ಮೇಲೆ ತನ್ನ ಸೆರಗು ಇಳಿಬಿಟ್ಟು ಮುಚ್ಚಲು ನೋಡುತ್ತಿದ್ದಳು, ಆದರೆ ಬಕೀಟು ದೊಡ್ಡದಿತ್ತು. ಮುಂದಿನ ಸಾಲಿನವರು ಒಂದೂಕಾಲು ತಾಸಿನ ತಯಾರಿ ಮಾಡಿಕೊಂಡು ಬಂದಿದ್ದರು. ಒಬ್ಬರು ದಿಂಬು ತಂದಿದ್ದರು. ಇನ್ನೊಬ್ಬರು ಶೇಂಗಾದ ಪೊಟ್ಟಣ ಬಿಚ್ಚಿ ಒಂದೊಂದೇ ಸುಲಿಯುತ್ತ ಕುಳಿತರು.

ಭರಮೋಜಿ ಮಾಮಾ ತೊಳೆದ ಅಂಗಿ ಹಾಕಿಕೊಂಡು ಬಂದ. ಮೂರನೆಯ ಸಾಲಿನತ್ತ ನೋಡಲಿಲ್ಲ. ಕ್ಲಾರ್ನೆಟ್ ಎತ್ತಿದ. ಮೊದಲು ಕೆಳಗಿನ ದನಿಯಲ್ಲಿ, ಹೊಲದಿಂದ ಬರುವವನು ದೂರದಿಂದ ಒಬ್ಬರನ್ನು ಕರೆದಂತೆ ಬಾರಿಸಿದ. ಉತ್ತರ ಬರಲಿಲ್ಲ ಎಂಬಂತೆ ಸ್ವಲ್ಪ ತಡೆದ. ಇನ್ನೊಮ್ಮೆ ಕರೆದ, ಈ ಸಲ ಒಂದು ಮಾತು ಹೆಚ್ಚು. ಆ ತಡೆಯುವುದನ್ನು ಅವನು ಹಿಂದೆ ಎಂದೂ ಮಾಡಿದ್ದು ನನಗೆ ನೆನಪಿಲ್ಲ. ಮೂರನೆಯ ಸಲ ದನಿ ಏರಿತು, ಏರುತ್ತ ಎಲ್ಲಿಗೋ ಹೊರಳಿತು. ಹೊರಳಿದ ಕಡೆ ಏನೋ ಇದೆ, ಈಗ ಕಾಣುತ್ತದೆ ಎಂದು ನಾನು ಕುಳಿತಲ್ಲೇ ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಅವನು ನಿಲ್ಲಿಸಿಬಿಟ್ಟ.

ಹತ್ತು ನಿಮಿಷವೂ ಆಗಿರಲಿಲ್ಲ. ರೀಡು ಬದಲಾಯಿಸುತ್ತಾನೇನೋ ಎಂದು ಜನ ಕಾದರು. ಅವನು ಕ್ಲಾರ್ನೆಟ್ಟಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ. ಪೆಟ್ಟಿಗೆಯ ಚಿಲಕ ಹಾಕಿದ. ಶೇಂಗಾದವರ ಕೈಯಲ್ಲಿ ಅರ್ಧ ಸುಲಿದ ಕಾಯಿ ಹಾಗೇ ಉಳಿಯಿತು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು, "ಮುಗೀತೇನು?" ಎಂದರು. ದಿಂಬಿನವರು, "ಮುಗೀತಂತ!" ಎಂದರು. ಆಮೇಲೆ ಚಪ್ಪಾಳೆ ಬಿತ್ತು ನೋಡಿರಿ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಇಪ್ಪತ್ತಾರು ವರ್ಷ ಒಂದೂಕಾಲು ತಾಸು ಕುಳಿತಿದ್ದವರೆಲ್ಲ ಎದ್ದು ನಿಂತು, ನಗುತ್ತ, ಒಬ್ಬರ ಬೆನ್ನು ಒಬ್ಬರು ಚಪ್ಪರಿಸುತ್ತ ತಟ್ಟಿದರು. ಇಸ್ಮಾಲಸಾಬರು ತಲೆಯ ಮೇಲೆ ಕೈ ಎತ್ತಿ ತಟ್ಟಿದರು. ಪುತಳಾಬಾಯಿ ಬಕೀಟನ್ನು ಕಾಲಿಂದ ಕುರ್ಚಿಯ ಹಿಂದೆ ನೂಕಿ, ಅಡಕತ್ತರಿ ಮಡಿಲಿಗೆ ಹಾಕಿಕೊಂಡು ತಟ್ಟಿದಳು. ಆ ಕಲ್ಲಿನ ಕಟ್ಟಡದ ಕಿಟಕಿಗಳು ಗಡಗಡ ಅಂದವು.

ನಾನೂ ತಟ್ಟಿದೆ. ಅಷ್ಟು ಗದ್ದಲದಲ್ಲಿಯೂ ನನಗೆ ತಿಳಿಯಿತು, ನನ್ನ ಕೈಯಿಂದ ಏನೂ ಹೊರಡುತ್ತಿಲ್ಲ ಎಂದು. ಗಾಬರಿಯಾಗಿ ಕೈ ಸೆರಗಿನಲ್ಲಿ ಮುಚ್ಚಿಕೊಂಡೆ. ಮಾಮಾ ಆಗ ಮೂರನೆಯ ಸಾಲಿನತ್ತ ನೋಡಿದ. ಅವನ ಕಣ್ಣಿಗೆ ಬಿದ್ದೇಬಿಟ್ಟಿತು.

ಹೆಸರು ಉಳಿಯಿತು. ಪುತಳಾಬಾಯಿ ಅದರ ಮೇಲೆ ಹೊಸದಾಗಿ ಸುಣ್ಣ ತೀಡಿ ದಪ್ಪ ಮಾಡಿದಳು. "ಭರಮೋಜೀ, ಇದನ್ನ ಇಷ್ಟು ದಿನ ಎಲ್ಲಿ ಇಟ್ಟಿದ್ದಿ?" ಎಂದು ಎಲ್ಲರ ಎದುರು ಕೇಳಿದಳು. ಅವನು ಹಲ್ಲು ಕಾಣದ ಹಾಗೆ ನಕ್ಕ. ಓಣಿಯಲ್ಲಿ ಜನ ಅವನ ಭುಜ ಮುಟ್ಟಿ ಮುಟ್ಟಿ ಮಾತಾಡಿಸಿದರು. ಮನೆ ಮುಟ್ಟುವವರೆಗೆ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಕಾಶಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಚಪ್ಪಾಳೆ ಅವಳಿಗೆ ಮನೆಯವರೆಗೆ ಕೇಳಿಸಿತ್ತು, ಯಾರದೋ ಎಂದುಕೊಂಡಿದ್ದಳಂತೆ. ಗಂಡನಿಗೆ ದೃಷ್ಟಿ ತೆಗೆದು, ಒಳಗೆ ಕರೆದು, ಎರಡು ಹೊತ್ತಿನ ಊಟ ಒಂದೇ ಹೊತ್ತಿಗೆ ಬಡಿಸಿದಳು.

ಉಂಡು ಕೈ ತೊಳೆದ ಮೇಲೆ ಅವನು ನನ್ನ ಎದುರಿಗೆ ಬಂದು ಕುಳಿತ. "ಊರೆಲ್ಲಾ ಬಡೀತು. ನಿನ್ನ ಕೈ ಯಾಕ ಸುಮ್ಮನಿತ್ತು? ನೀ ಹೇಳಿದಂಗ ಮಾಡಿದೆನಲ್ಲ."

"ಅವ್ರು ಬಡದ್ರಲ್ಲ ಮಾಮಾ, ಹೆಸರು ಉಳೀತಲ್ಲ. ನನ್ನೊಬ್ಬಾಕಿದೇನು ಹಿಡ್ಕೊಂಡು ಕುಂತೀರಿ?"

"ಅವರು ಯಾಕ ಬಡದ್ರು ನನಗ ಗೊತ್ತೈತಿ" ಎಂದ. "ಮುಗೀತಲ್ಲಪಾ ಅಂತ ಬಡದ್ರು. ಖುಷಿ ಖರೇದಾದ್ರ ಕೈ ಸಪ್ಪಳ ಮಾಡತೈತಿ, ಯಾತರ ಖುಷಿ ಅಂತ ಅದೇನು ಕೇಳೂದಿಲ್ಲ. ಮಾಡ್ಲಿ. ನಿಂದು ಹೇಳು."

ನಾನು ಕಾಶಕ್ಕನ ಮುಖ ನೋಡಿದೆ. ಹೇಳು ಎಂದು ಅವಳು ಕಣ್ಣಿನಿಂದಲೇ ಸನ್ನೆ ಮಾಡಿದಳು. ಉಂಡಾಗಿತ್ತಲ್ಲ.

"ನೀವು ನಿಲ್ಸಿದ್ದು ನನಗ ಸೇರಲಿಲ್ಲ" ಎಂದೆ. "ಆ ಕಡೆ ಹೊರಳಿದ್ರೆಲಾ, ಅಲ್ಲಿ ಮುಂದ ಏನಿತ್ತಂತ ನನಗ ಕೇಳಬೇಕಿತ್ತು. ನಡುದಾರ್ಯಾಗ ಕೈ ಬಿಟ್ಟು ಬಂದ್ರಿ. ಅದಕ ಸಿಟ್ಟು ಬಂತು. ಸಿಟ್ಟಿನ ಕೈ ಸಪ್ಪಳ ಮಾಡೂದಿಲ್ಲ."

ಅವನ ಕಿವಿ ಕೆಂಪಗಾದವು. ಎದ್ದು ಹೋಗಿ ಪೆಟ್ಟಿಗೆ ತಂದ, ಚಿಲಕ ತೆಗೆದ, ಒಣಗಿದ ರೀಡನ್ನು ಬಾಯಲ್ಲೇ ಇಟ್ಟುಕೊಂಡು ನೆನೆಸಿದ. "ಈಗ ಬ್ಯಾಡ, ಮಂದಿ ಮಲಗೂ ಹೊತ್ತು" ಎಂದಳು ಕಾಶಕ್ಕ. "ಸ್ವಲ್ಪ" ಎಂದ ಅವನು. ಎಲ್ಲಿ ಬಿಟ್ಟಿದ್ದನೋ ಸರಿಯಾಗಿ ಅಲ್ಲಿಂದಲೇ ಎತ್ತಿಕೊಂಡ. ದನಿ ಹೊರಳಿದ ಕಡೆಗೇ ಹೋಯಿತು. ಅಲ್ಲಿ ಇದ್ದದ್ದು ನಾನು ಎಣಿಸಿದ್ದಕ್ಕಿಂತ ಛಲೋ ಇತ್ತು. ಅದು ಕಾಣಿಸಿ, ಹಿಂದೆ ಸರಿದು, ಮತ್ತೆ ಒಂದು ಸಲ ಹತ್ತಿರ ಬಂತು. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ಕುಳಿತು ಕೇಳಿದೆ. ಆಮೇಲೆ ಅವನು ಅದರ ಆಚೆಗೂ ಹೋದ. ಆಚೆಯಿಂದ ಈಚೆಗೆ ಬಂದ. ಚಪ್ಪಲಿ ಮೆಟ್ಟಿದ, ಚಪ್ಪಲಿ ಬಿಟ್ಟ. ಕಾಶಕ್ಕ ಗೋಡೆಗೆ ಆತುಕೊಂಡು ನಿದ್ದೆ ಹೋದಳು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಇಸ್ಮಾಲಸಾಬರು ಅಟ್ಟದ ಪಕ್ಕದ ಕೋಣೆಯಿಂದ ಕೆಮ್ಮಿದರು, ಮತ್ತೊಮ್ಮೆ ಸ್ವಲ್ಪ ಜೋರಾಗಿ ಕೆಮ್ಮಿದರು.

ಒಂದೂಕಾಲು ತಾಸಿನ ಮೇಲೆ ಅವನು ಕ್ಲಾರ್ನೆಟ್ ಕೆಳಗಿಳಿಸಿದ. ನಾನು ಕೈ ತಟ್ಟಿದೆ. ಕಾಶಕ್ಕ ಬೆಚ್ಚಿ ಎದ್ದು ಕೂರುವಷ್ಟು ಸಪ್ಪಳವಾಯಿತು. ಬಾರಿಸಿದ್ದಕ್ಕೋ, ನಿಲ್ಲಿಸಿದ್ದಕ್ಕೋ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.